ದೊಡ್ಡಪ್ಪ ಹಂಚಿದ ಕ್ಷಯದ ಸುದ್ದಿ

ದೊಡ್ಡಪ್ಪ: (ಪತ್ರಿಕೆಯ ತುಣುಕು) ಬೋಧನಾ ಆಸ್ಪತ್ರೆಯೊಂದರಲ್ಲಿ ಬಹಳಷ್ಟು ಕ್ಷಯರೋಗಿಗಳಿಗೆ ಔಷಧಿಯೇ ನಾಟುತ್ತಿಲ್ಲವಂತೆ. ಸರ್ಕಾರ ಮಾತ್ರೆಯನ್ನು ಪುಕ್ಕಟೆ ಕೊಟ್ಟು, ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1000 ರೂಪಾಯಿಯನ್ನೂ ಖಾತೆಗೆ ಹಾಕುತ್ತದೆ. ಆದರೂ ಇವರು ನಡುವೆ ಬಿಟ್ಟು ಊರಿಗೆಲ್ಲ ಹರಡುತ್ತಾರೆ. ಪುಟ್ಟಿ, ನೀನು ಆ ಎದೆರೋಗ ವಿಭಾಗ ಬಿಟ್ಟು ಬೇರೆಯದನ್ನು ಆರಿಸಿಕೊಳ್ಳಬಾರದಿತ್ತೇ?

ಪುಟ್ಟಿ: ದೊಡ್ಡಪ್ಪ, ಆ ಲೆಕ್ಕ ಆಸ್ಪತ್ರೆಯದು, ಜಿಲ್ಲೆಯದಲ್ಲ. ನಮ್ಮ ಎದೆರೋಗ ವಿಭಾಗಕ್ಕೆ ಬರುವವರಲ್ಲಿ ಅನೇಕರು ಬೇರೆಡೆ ಒಂದೆರಡು ಸುತ್ತು ಮಾತ್ರೆ ನುಂಗಿ, ಗುಣವಾಗದೆ, ತಾಲ್ಲೂಕು ಆಸ್ಪತ್ರೆಯ ಚೀಟಿ ಹಿಡಿದು ಬಂದವರು. ಗ್ಯಾರೇಜಿನಲ್ಲಿ ನಿಂತು, ಊರಿನ ಗಾಡಿಗಳೆಲ್ಲ ಕೆಟ್ಟಿವೆ ಎನ್ನಲಾಗುವುದಿಲ್ಲ. 2014ರಿಂದ 2016ರವರೆಗೆ ದೇಶದಾದ್ಯಂತ ನಡೆದ ಸಮೀಕ್ಷೆಯಲ್ಲಿ, ಕ್ಷಯದ ಎರಡು ಮುಖ್ಯ ಮದ್ದುಗಳಾದ ಐಸೋನಿಯಾಜಿಡ್, ರಿಫಾಂಪಿಸಿನ್ ಎರಡಕ್ಕೂ ಬಗ್ಗದ ಕ್ಷಯ, ಅಂದರೆ ಎಂಡಿಆರ್, ಹೊಸ ರೋಗಿಗಳಲ್ಲಿ ಶೇ 2.84ರಷ್ಟಿತ್ತು, ಹಿಂದೆ ಚಿಕಿತ್ಸೆ ಪಡೆದವರಲ್ಲಿ ಶೇ 11.60ರಷ್ಟಿತ್ತು.

ದೊಡ್ಡಪ್ಪ: ನನ್ನ ಮಾತೇ ನಿಜವಾಯಿತಲ್ಲ. ಹಿಂದೆ ಚಿಕಿತ್ಸೆ ಪಡೆದವರೆಂದರೆ ಅರ್ಧಕ್ಕೆ ಬಿಟ್ಟವರೇ.

ಚಿಕ್ಕಮ್ಮ: ಭಾವ, ನನ್ನ ತಮ್ಮ ಒಂದು ದಿನವೂ ಬಿಟ್ಟವನಲ್ಲ. ಮೊದಲ ಆರು ತಿಂಗಳ ಮಾತ್ರೆ ಮುಗಿದರೂ ಕೆಮ್ಮು ನಿಲ್ಲಲಿಲ್ಲ. ಆಮೇಲೆ ಎಂಡಿಆರ್ ಎಂದರು. ಎರಡು ವರ್ಷ ಮುಷ್ಟಿ ತುಂಬ ಮಾತ್ರೆ, ಅದರಲ್ಲಿ ಆರು ತಿಂಗಳು ಕನಾಮೈಸಿನ್ ಸೂಜಿ. ರೋಗವೇನೋ ಹೋಯಿತು, ಅದರ ಜೊತೆಗೆ ಕಿವಿಯೂ ಹೋಯಿತು. ಇವತ್ತಿಗೂ ಬಾಗಿಲು ಬಡಿದರೆ ಅವನಿಗೆ ಕೇಳಿಸುವುದಿಲ್ಲ, ಕಿಟಕಿಯ ಹತ್ತಿರ ಹೋಗಿ ಕೈ ಬೀಸಬೇಕು.

ಪುಟ್ಟಿ: ಚಿಕ್ಕಮ್ಮ ಹೇಳಿದ್ದೇ ಮುಖ್ಯವಾದ ಮಾತು. ಆ ಶೇ 2.84 ಹಿಂದೆಂದೂ ಮಾತ್ರೆ ನುಂಗದವರದು. ಅವರ ಎದೆಗೆ ಇಳಿದದ್ದೇ ಮದ್ದಿಗೆ ಬಗ್ಗದ ಕ್ರಿಮಿ, ಇನ್ನೊಬ್ಬರ ಕೆಮ್ಮಿನಿಂದ ಗಾಳಿಯಲ್ಲಿ ಬಂದದ್ದು. ಬಿಟ್ಟವರ ತಪ್ಪಿಲ್ಲವೆಂದು ನಾನು ಹೇಳುತ್ತಿಲ್ಲ, ಆದರೆ ರಿಫಾಂಪಿಸಿನ್ ನಾಟುತ್ತದೆಯೋ ಇಲ್ಲವೋ ಎಂಬುದನ್ನು ಕಫ ಪರೀಕ್ಷಿಸುವ ಸಿಬಿನ್ಯಾಟ್ ಯಂತ್ರ ಸುಮಾರು ಎರಡು ಗಂಟೆಯಲ್ಲಿ ಹೇಳುವಾಗ, ಆ ಪರೀಕ್ಷೆ ಮಾಡಿಸದೆ ಮಾಮೂಲಿ ಮಾತ್ರೆಯನ್ನೇ ತಿಂಗಳುಗಟ್ಟಲೆ ಕೊಟ್ಟವರ ತಪ್ಪೂ ಇದೆ, ಕೆಮ್ಮೆಂದು ಬಂದವರಿಗೆ ವೈದ್ಯರ ಚೀಟಿ ಕೇಳದೆ ಲಿವೊಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ಕೊಡುವ ಔಷಧಿ ಅಂಗಡಿಗಳ ತಪ್ಪೂ ಇದೆ.

ಅಣ್ಣ: ಅಂಗಡಿ ಎಂದರೆ ನನ್ನದೇ ಎಂದು ಎಲ್ಲರಿಗೂ ಗೊತ್ತು. ಅದು ಕ್ಷಯದ ಮಾತ್ರೆಯೇ ಅಲ್ಲವಲ್ಲ, ಮತ್ತೆ ನನ್ನನ್ನೇಕೆ ಎಳೆಯುತ್ತೀಯ?

ಪುಟ್ಟಿ: ಅದೇ ತೊಂದರೆ, ಅಣ್ಣ. ಲಿವೊ ಕ್ಷಯದ ಕ್ರಿಮಿಯನ್ನೂ ಕೊಲ್ಲುತ್ತದೆ. ಐದು ದಿನ ನುಂಗಿದರೆ ಕೆಮ್ಮು ಇಳಿದು, ಕಫದಲ್ಲಿ ಕ್ರಿಮಿ ಕಾಣದೆ ಹೋಗಬಹುದು. ರೋಗ ಪತ್ತೆಯಾಗುವುದು ಮುಂದಕ್ಕೆ ಹೋಗುತ್ತದೆ, ಮದ್ದನ್ನು ತಾಳಿಕೊಂಡ ನಾಲ್ಕು ಕ್ರಿಮಿಗಳು ಒಳಗೆ ಬೆಳೆಯುತ್ತವೆ. ಕ್ಷಯಕ್ಕೆ ನಾಲ್ಕು ಮದ್ದನ್ನು ಒಟ್ಟಿಗೆ ಕೊಡುವುದೇ ಒಂದನ್ನು ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಸಿಗಲಿ ಎಂದು. 2024ರಲ್ಲಿ ಕೇಂದ್ರ ಸರ್ಕಾರ ಎಂಡಿಆರ್‌ಗೆ ಒಪ್ಪಿದ ಆರು ತಿಂಗಳ ಹೊಸ ಚಿಕಿತ್ಸೆಯಲ್ಲಿ ಬೆಡಾಕ್ವಿಲಿನ್, ಪ್ರಿಟೋಮ್ಯಾನಿಡ್, ಲಿನೆಜೋಲಿಡ್ ಜೊತೆ ಮಾಕ್ಸಿಫ್ಲಾಕ್ಸಾಸಿನ್ ಇದೆ, ಅದು ಲಿವೊದ ಒಡಹುಟ್ಟು. ಸೂಜಿಯಿಲ್ಲ, ಕಿವಿ ಹೋಗುವ ಭಯವಿಲ್ಲ. ನಿಮ್ಮ ಕೌಂಟರಿನಿಂದ ಹೋದ ಲಿವೊಗೆ ಕ್ರಿಮಿ ಬಗ್ಗದಂತಾದರೆ ನಮ್ಮ ವಾರ್ಡಿನಲ್ಲಿ ಈ ನಾಲ್ಕನೆಯದು ಸಾಮಾನ್ಯವಾಗಿ ಕೈಕೊಡುತ್ತದೆ.

ದೊಡ್ಡಪ್ಪ: ಚೀಟಿಯಿಲ್ಲದೆ ನಮ್ಮವನು ಕೊಡುವುದಿಲ್ಲ. 2014ರಿಂದ ಇಂಥ ಮಾತ್ರೆಗಳಿಗೆ, ಯಾರ ಚೀಟಿಗೆ ಯಾರಿಗೆ ಎಷ್ಟು ಕೊಟ್ಟೆವೆಂದು ಬರೆಯುವ ಎಚ್1 ಪುಸ್ತಕವನ್ನೇ ಇಡಬೇಕು. ಅದಕ್ಕೆ ಗೆರೆ ಹಾಕಿಕೊಟ್ಟವನು ನಾನೇ.

ಅಣ್ಣ: ಅಪ್ಪ, ಈಗ ಆ ಪುಸ್ತಕವನ್ನೇ ತೆಗೆದು ನೋಡಿದೆ. ಈ ತಿಂಗಳು ಲಿವೊ ಎರಡು ಸಾಲು ಬರೆದಿದೆ, ಖಾಲಿಯಾದ ಸ್ಟ್ರಿಪ್ಪುಗಳು ಹನ್ನೊಂದು. ಹಿಂದಿನ ಬೀದಿಯ ಗಾರೆ ಕೆಲಸದವನೊಬ್ಬನೇ ಎರಡು ಸಲ ಒಯ್ದಿದ್ದಾನೆ. ಮೂರು ವಾರದಿಂದ ಕೆಮ್ಮುತ್ತಿದ್ದಾನೆ. ಪುಟ್ಟಿ, ಕಫವನ್ನು ಬೆಳಿಗ್ಗೆಯೇ ತೆಗೆಯಬೇಕೆ?

ಪುಟ್ಟಿ: ಬೆಳಿಗ್ಗೆ ಎದ್ದೊಡನೆ ತೆಗೆದದ್ದು ಒಳ್ಳೆಯದು, ಎಂಜಲಲ್ಲ, ಎದೆಯಿಂದ ಕೆಮ್ಮಿ ಬಂದದ್ದಿರಲಿ. ಲಿವೊ ಎಷ್ಟು ದಿನ ನುಂಗಿದ್ದಾನೆಂದು ಚೀಟಿಯಲ್ಲಿ ನೀನೇ ಬರೆದು ಕಳುಹಿಸು, ಅಣ್ಣ. ಅವನಿಗೆ ಮಾತ್ರೆಯ ಹೆಸರು ನೆನಪಿರುವುದಿಲ್ಲ.