ಸ್ಟ್ಯಾನ್ ಸ್ವಾಮಿ ಲೇಖನದ ಬಗ್ಗೆ ನಮ್ಮ ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ಮಲ್ಲೇಶ್ವರದ ದೊಡ್ಡಪ್ಪ: ನೀನು ಬೆಳಿಗ್ಗೆ ಹಾಕಿದ ಲೇಖನವನ್ನು ಪೂರ್ತಿ ಓದಿದೆ. ಆದಿವಾಸಿಗಳ ಹಕ್ಕುಗಳಿಗಾಗಿ ದುಡಿದ ಪಾದ್ರಿ ಸ್ಟ್ಯಾನ್ ಸ್ವಾಮಿ ಭಯೋತ್ಪಾದನೆ ತಡೆ ಕಾನೂನಾದ ಯುಎಪಿಎ ಅಡಿ ಬಂಧಿತರಾಗಿ ವಶದಲ್ಲಿರುವಾಗಲೇ ತೀರಿಕೊಂಡರು; ಆ ಬಂಧನ ಅಕ್ರಮ, ಕಾಯಿಲೆಯಿದ್ದ ಅವರನ್ನು ಬಿಡಬೇಕಿತ್ತು ಎನ್ನುತ್ತದೆ ಅದು. ಆ ಹಿರಿಯರ ಸಾವಿಗೆ ನನಗೂ ದುಃಖವಿದೆ. ಆದರೆ ಅವರನ್ನು ಸೆರೆಗೆ ಕಳುಹಿಸಿದ್ದು ನ್ಯಾಯಾಲಯ, ಜಾಮೀನು ನಿರಾಕರಿಸಿದ್ದೂ ನ್ಯಾಯಾಲಯ. ಹೀಗಿರುವಾಗ ಅದನ್ನು ಅಕ್ರಮ ಬಂಧನವೆನ್ನುವುದು ಸರಿಯಲ್ಲ. ಕಾಯಿಲೆಯೇ ಬಿಡುಗಡೆಗೆ ದಾರಿಯಾದರೆ ಪ್ರತಿಯೊಬ್ಬ ಆರೋಪಿಯೂ ವೈದ್ಯರ ಚೀಟಿ ಹಿಡಿದು ಬರುತ್ತಾನೆ.

ನಾನು: ದೊಡ್ಡಪ್ಪ, ಬಂಧನಕ್ಕೆ ಆದೇಶವಿತ್ತೇ ಎಂಬುದು ಒಂದು ಪ್ರಶ್ನೆ, ಒಳಗಿಟ್ಟವರ ಆರೋಗ್ಯವನ್ನು ಕಾಪಾಡಿದರೇ ಎಂಬುದು ಬೇರೆಯೇ ಪ್ರಶ್ನೆ. ಆರೋಪಿಯ ಆರೋಗ್ಯ ಮತ್ತು ಸುರಕ್ಷತೆಯ ಹೊಣೆ ವಶದಲ್ಲಿಟ್ಟುಕೊಂಡವರದೇ ಎಂದು ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 55ಎ ಕಲಂ ಹೇಳುತ್ತಿತ್ತು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 56ನೇ ಕಲಮೂ ಅದನ್ನೇ ಹೇಳುತ್ತದೆ. 2020ರ ಅಕ್ಟೋಬರ್‌ನಲ್ಲಿ ಬಂಧಿತರಾದಾಗ ಸ್ಟ್ಯಾನ್ ಸ್ವಾಮಿಯವರಿಗೆ 83 ವರ್ಷ. ಪಾರ್ಕಿನ್‌ಸನ್ ಕಾಯಿಲೆಯಿಂದ ಕೈ ನಡುಗಿ ಲೋಟ ಹಿಡಿಯಲಾಗದೆ ಅವರು ಸ್ಟ್ರಾ, ಸಿಪ್ಪರ್ ಕೇಳಿದರೆ, ಆ ಅರ್ಜಿಗೆ ಉತ್ತರಿಸಲು ಅವರನ್ನು ಬಂಧಿಸಿದ್ದ ರಾಷ್ಟ್ರೀಯ ತನಿಖಾ ಸಂಸ್ಥೆ (ಎನ್‌ಐಎ) 20 ದಿನಗಳ ಕಾಲಾವಕಾಶ ಕೇಳಿತು. ವಶಕ್ಕೊಪ್ಪಿಸುವ ಯಾವ ನ್ಯಾಯಾಲಯದ (ರಿಮ್ಯಾಂಡ್) ಆದೇಶವೂ ಇದನ್ನು ಸಮರ್ಥಿಸುವುದಿಲ್ಲ. ಇನ್ನು ಸುಳ್ಳು ಚೀಟಿಯ ಮಾತು: ಅದನ್ನು ಪರೀಕ್ಷಿಸಲು ಸರ್ಕಾರಿ ವೈದ್ಯರಿದ್ದಾರೆ. ಸಾಮಾನ್ಯ ಪ್ರಕರಣಗಳಲ್ಲಿ ಕಾಯಿಲೆಯವರಿಗೆ, ಅಶಕ್ತರಿಗೆ ಜಾಮೀನು ನೀಡಲು ಕಾನೂನೇ ಅವಕಾಶ ಕೊಟ್ಟಿದೆ. ಯುಎಪಿಎಯ ಜಾಮೀನು ಕಲಮಿನಲ್ಲಿ ಅಂಥ ವಿನಾಯಿತಿಯಿಲ್ಲ. ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್ ಅನ್ನು ವರ್ಷಗಟ್ಟಲೆ ನಡೆಸಿದ ಸ್ಟ್ಯಾನ್ ಸ್ವಾಮಿಯವರು ನಮ್ಮ ಊರಿಗೂ ಸೇರಿದವರೇ.

ಬಸವನಗುಡಿ ಅತ್ತೆ: ಡಯಾಲಿಸಿಸ್ ಮಾಡಿಸಿಕೊಳ್ಳುವವರನ್ನು ಠಾಣೆಯಲ್ಲಿ ಕೂರಿಸಿಕೊಂಡು, ಯಾವ ಕಾಗದವನ್ನೂ ಕೊಡದೆ ಬಿಟ್ಟರೆ ಮನೆಯವರು ಎಲ್ಲಿಗೆ ಹೋಗಬೇಕು?

ನಾನು: ಮೊದಲು ಹೈಕೋರ್ಟಿಗೆ, ಅತ್ತೆ. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. ಅದು ನಡೆಯದಿದ್ದರೆ, ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತರಿಸುವ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. ವಶದಲ್ಲಿರುವವರನ್ನು 48 ಗಂಟೆಗೊಮ್ಮೆ ವೈದ್ಯರು ಪರೀಕ್ಷಿಸಬೇಕೆಂಬುದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನ. ಜೊತೆಗೆ ಮಾನವ ಹಕ್ಕುಗಳ ಆಯೋಗಕ್ಕೆ ಕನ್ನಡದಲ್ಲೇ, ಶುಲ್ಕವಿಲ್ಲದೆ ದೂರು ಕೊಡಬಹುದು, ಆದರೆ ಘಟನೆ ನಡೆದ ಒಂದು ವರ್ಷದೊಳಗೆ.

ಮಲ್ಲೇಶ್ವರದ ದೊಡ್ಡಪ್ಪ: ಆಯೋಗಕ್ಕೆ ಶಿಫಾರಸು ಮಾಡುವ ಅಧಿಕಾರ ಮಾತ್ರ ಇದೆ. ಆ ದೂರಿನಿಂದ ರೋಗಿಗೆ ಏನು ಪ್ರಯೋಜನ?

ನಾನು: ನನ್ನ ಸಿಟ್ಟು ಇರುವುದೂ ಅಲ್ಲಿಯೇ. ಸ್ಟ್ಯಾನ್ ಸ್ವಾಮಿಯವರಿಗೆ ಚಿಕಿತ್ಸೆ ಸಿಗುತ್ತಿಲ್ಲವೆಂಬ ದೂರು ರಾಷ್ಟ್ರೀಯ ಆಯೋಗಕ್ಕೆ ತಲುಪಿದ್ದು 2021ರ ಮೇ ತಿಂಗಳಲ್ಲಿ. ಅವರಿಗೆ ಸಾಧ್ಯವಿರುವ ಎಲ್ಲ ಚಿಕಿತ್ಸೆ ಕೊಡಿಸಬೇಕೆಂದು ಮಹಾರಾಷ್ಟ್ರ ಸರ್ಕಾರಕ್ಕೆ ನೋಟಿಸ್ ಹೋದದ್ದು ಜುಲೈ 4ರಂದು. ಅವರು ತೀರಿಕೊಂಡದ್ದು ಜುಲೈ 5ರಂದು. ಅವರ ಬಂಧನ ಮನಬಂದಂತೆ ಮಾಡಿದ್ದೆಂದು ವಿಶ್ವಸಂಸ್ಥೆಯ ಕಾರ್ಯಗುಂಪು ಹೇಳುವ ಹೊತ್ತಿಗೆ ನವೆಂಬರ್ ಬಂದಿತ್ತು. ಆಯೋಗದ ಅಧಿಕಾರ ಚಿಕ್ಕದಿರಬಹುದು, ಆದರೆ ದೂರು ಬಂದ ದಿನವೇ ಜೈಲಿನಿಂದ ವೈದ್ಯಕೀಯ ವರದಿ ತರಿಸಿಕೊಳ್ಳುವುದಕ್ಕೆ ಆ ಅಧಿಕಾರ ಸಾಕು. ಆದ್ದರಿಂದ ಅತ್ತೆ, ಔಷಧದ ಚೀಟಿ, ಡಯಾಲಿಸಿಸ್ ದಿನಾಂಕಗಳನ್ನು ಲಗತ್ತಿಸಿ ಮೊದಲ ದಿನವೇ ದೂರು ಕಳುಹಿಸಬೇಕು. ಅದರ ಪ್ರತಿಯನ್ನು ಮ್ಯಾಜಿಸ್ಟ್ರೇಟರಿಗೂ ಕೊಡಬೇಕು.

ಮಲ್ಲೇಶ್ವರದ ದೊಡ್ಡಪ್ಪ: ಮೇ ತಿಂಗಳಿಂದ ಜುಲೈವರೆಗಿನ ವಿಳಂಬಕ್ಕೆ ನನ್ನಲ್ಲಿ ಸಮರ್ಥನೆಯಿಲ್ಲ. ಯುಎಪಿಎ ದೇಶಕ್ಕೆ ಬೇಕೆಂಬ ನನ್ನ ಅಭಿಪ್ರಾಯವಂತೂ ಬದಲಾಗಿಲ್ಲ. ಆದರೆ ಕಾಯಿಲೆಯವರ ವಿನಾಯಿತಿಯನ್ನು ಅದರಲ್ಲೂ ಸೇರಿಸಬೇಕೆಂದು ನೀನು ಮನವಿ ಬರೆದರೆ ನಾನು ಸಹಿ ಹಾಕುತ್ತೇನೆ.