ಬೈಟ್ ಪೂಲ್ ಮೇಲೆ 32 ಬಿಟ್ ಪಾಯಿಂಟರ್‌ನಲ್ಲಿ ಬರೆದು 16 ಬಿಟ್‌ನಲ್ಲಿ ಓದಿದ್ರೆ ಓ2ನಲ್ಲಿ ಚೆಕ್‌ಸಮ್ ತಪ್ಪು: ಕಂಪೈಲರ್ ಬಗ್ಗಾ?

ಹೂಟಗಳ್ಳಿ_ಬೋರ್ಡ್ ಕೇಳಿದ್ದು:

ಮಂಡ್ಯ ಕಡೆ ಕಬ್ಬಿನ ಗಾಡಿ ತೂಗೋ ವೇಬ್ರಿಡ್ಜ್‌ಗೆ ಡೇಟಾ ಲಾಗರ್. ಕಾರ್ಟೆಕ್ಸ್-ಎಂ4 ಚಿಪ್, ಜಿಸಿಸಿ ಕಂಪೈಲರ್, ಕೋಡ್ ಪೂರ್ತಿ ಸಿ. ತೂಕ, ಸಮಯ, ಗಾಡಿ ನಂಬರ್ ಸೇರಿ 32 ಬೈಟ್‌ನ ಒಂದು ರೆಕಾರ್ಡ್. ಕೊನೇ 4 ಬೈಟ್ ಚೆಕ್‌ಸಮ್‌ಗೆ (ಡೇಟಾ ಕೆಟ್ಟಿದೆಯಾ ಅಂತ ನೋಡೋಕೆ ಇಡೋ ಮೊತ್ತ). ಮುಖ್ಯ ಸಾಲುಗಳು ಇವು (ಇಲ್ಲಿಗೋಸ್ಕರ ಹೆಸರು ಬದಲಾಯಿಸಿದೀನಿ):

ಸ್ಟ್ಯಾಟಿಕ್ ಅನ್‌ಸೈನ್ಡ್ ಚಾರ್ ಪೂಲ್[2048];
ಯುಇಂಟ್32_ಟಿ *ರೆ = (ಯುಇಂಟ್32_ಟಿ *)(ಪೂಲ್ + 32 * ಸ್ಲಾಟ್);
ರೆ[0] = ತೂಕ;
ರೆ[1] = ಸಮಯ;
ಮೊತ್ತ = ಚೆಕ್‌ಸಮ್(ಸ್ಲಾಟ್);

ಚೆಕ್‌ಸಮ್ ಅದೇ ಫೈಲಲ್ಲಿದೆ. ಪೂಲನ್ನ ಯುಇಂಟ್16_ಟಿ ಪಾಯಿಂಟರ್ ಆಗಿ ಕ್ಯಾಸ್ಟ್ ಮಾಡಿ 14 ಸಲ ಲೂಪ್‌ನಲ್ಲಿ ಕೂಡುತ್ತೆ. ಓ1ನಲ್ಲಿ (ಓ0, ಓ1, ಓ2 ಅಂದ್ರೆ ಕಂಪೈಲರ್‌ನ ಆಪ್ಟಿಮೈಸೇಶನ್ ಹಂತಗಳು) ಸರಿ. ಓ2 ಹಾಕಿದ್ರೆ ಆ ಸ್ಲಾಟ್‌ನಲ್ಲಿ ಮೊದಲು ಇದ್ದ ತೂಕಕ್ಕೆ ಲೆಕ್ಕ ಹಾಕಿರುತ್ತೆ. ಡೀಬಗರ್‌ನಲ್ಲಿ ಮೆಮೊರಿ ನೋಡಿದ್ರೆ ಹೊಸ ತೂಕವೇ ಕೂತಿದೆ. ನಡುವೆ ಒಂದು ಪ್ರಿಂಟ್‌ಎಫ್ ಇಟ್ರೆ ಸರಿಹೋಗುತ್ತೆ. 'ಮೊತ್ತ'ಕ್ಕೆ ವೊಲಟೈಲ್ (ಪ್ರತಿ ಸಲ ಮೆಮೊರಿಯಿಂದಲೇ ಓದು, ಬರೆ ಅನ್ನೋ ಗುರುತು) ಹಾಕಿದ್ರೂ ಏನೂ ಬದಲಾಗಲ್ಲ. ಚಾರ್ ಅಂದ್ರೆ ಯಾವ ಟೈಪ್ ಜೊತೆ ಬೇಕಾದ್ರೂ ಅಲಿಯಾಸ್ ಆಗಬಹುದು (ಒಂದೇ ಜಾಗ ಮುಟ್ಟಬಹುದು) ಅಂತಾರಲ್ಲ, ಪೂಲ್ ಅನ್‌ಸೈನ್ಡ್ ಚಾರ್ ಆಗೇ ಇದೆ. ಮತ್ಯಾಕೆ ಹೀಗೆ?

ಕುಕ್ಕರಹಳ್ಳಿ_ಕೋಡ್:

ಕಂಪೈಲರ್ ಬಗ್ ಅಲ್ಲ ಸಾರ್. ಚಾರ್‌ಗೆ ಇರೋ ವಿನಾಯಿತಿ ಜಾಗಕ್ಕಲ್ಲ, ಆ ಜಾಗವನ್ನ ಮುಟ್ಟೋ ಎಕ್ಸ್‌ಪ್ರೆಶನ್‌ಗೆ. ಚಾರ್ ಪಾಯಿಂಟರ್ ಹಿಡಿದು ಇಂಟ್ ಓದಬಹುದು. ಇಂಟ್ ಪಾಯಿಂಟರ್ ಹಿಡಿದು ಚಾರ್ ಅಂತ ಡಿಕ್ಲೇರ್ ಆಗಿರೋ ಅರೇ ಓದೋಕೆ ಅನುಮತಿ ಇಲ್ಲ. ಈ ನಿಯಮ ಒಮ್ಮುಖ ರಸ್ತೆ.

ಕಂಪೈಲರ್ ಒಳಗೆ ನಡೆಯೋದು ಇನ್ನೂ ಸರಳ. ಜಿಸಿಸಿ ಪ್ರತಿ ಟೈಪ್‌ಗೂ ಒಂದು ಅಲಿಯಾಸ್ ಸೆಟ್ ಸಂಖ್ಯೆ ಕೊಡುತ್ತೆ. ಚಾರ್‌ಗೆ ಸಿಗೋದು 0, ಅದು ಎಲ್ಲದರ ಜೊತೆಗೂ ತಗಲುತ್ತೆ. ಕ್ಲ್ಯಾಂಗ್ ಅನ್ನೋ ಇನ್ನೊಂದು ಕಂಪೈಲರ್ ಆದ್ರೆ ಪ್ರತಿ ಲೋಡ್ (ಓದು), ಸ್ಟೋರ್‌ಗೆ (ಬರಹ) ಟಿಬಿಎಎ (ಟೈಪ್ ನೋಡಿ ಅಲಿಯಾಸ್ ಲೆಕ್ಕ ಹಾಕೋದು) ಅನ್ನೋ ಟ್ಯಾಗ್ ಅಂಟಿಸುತ್ತೆ. ಆ ಟ್ಯಾಗ್‌ಗಳು ಒಂದು ಮರದ ಥರ: ಮೇಲೆ 'ಆಮ್ನಿಪೊಟೆಂಟ್ ಚಾರ್', ಅದರ ಕೆಳಗೆ ಶಾರ್ಟ್, ಇಂಟ್, ಫ್ಲೋಟ್ ಎಲ್ಲ ಬೇರೆ ಬೇರೆ ಕೊಂಬೆ. ಒಂದು ಇನ್ನೊಂದರ ಪೂರ್ವಜ ಆಗಿದ್ರೆ ಮಾತ್ರ ಎರಡೂ ಒಂದೇ ಜಾಗ ಮುಟ್ಟಬಹುದು ಅಂತ ಲೆಕ್ಕ. ನಿಮ್ಮ ಸ್ಟೋರ್ 32 ಬಿಟ್, ಲೋಡ್ 16 ಬಿಟ್. ಈ ಎರಡನ್ನ ಹೋಲಿಸುವಾಗ 'ಪೂಲ್' ಏನಂತ ಡಿಕ್ಲೇರ್ ಆಗಿದೆ ಅನ್ನೋ ಪ್ರಶ್ನೆಯೇ ಏಳಲ್ಲ. ಬೇರೆ ಕೊಂಬೆ, ಹಾಗಾಗಿ ಲೋಡನ್ನ ಸ್ಟೋರ್‌ಗಿಂತ ಮುಂಚೆ ಮಾಡಿದ್ರೂ ತಪ್ಪಿಲ್ಲ ಅಂತ ಶೆಡ್ಯೂಲರ್ ತಗೊಂಡು ಹೋಗಿ ಮೇಲಿಡುತ್ತೆ. ಸೈನ್ಡ್, ಅನ್‌ಸೈನ್ಡ್ ಇಂಟ್ ಮಾತ್ರ ಒಂದೇ ಗುಂಪು, ಅದಕ್ಕೆ ತೊಂದರೆ ಇಲ್ಲ.

ಓ1ನಲ್ಲಿ ಸರಿ ಬರೋಕೆ ಕಾರಣ: ಜಿಸಿಸಿಯಲ್ಲಿ ಸ್ಟ್ರಿಕ್ಟ್-ಅಲಿಯಾಸಿಂಗ್ (ಬೇರೆ ಟೈಪ್‌ಗಳು ಒಂದೇ ಜಾಗ ಮುಟ್ಟಲ್ಲ ಅನ್ನೋ ಊಹೆ) ತಾನಾಗೇ ಆನ್ ಆಗೋದು ಓ2, ಓ3, ಓಎಸ್ (-Os) ಹಂತಗಳಲ್ಲಿ. ಪ್ರಿಂಟ್‌ಎಫ್ ಇಟ್ರೆ ಸರಿ ಬರೋದು ಯಾಕಂದ್ರೆ, ಒಳಗೆ ಏನಿದೆಯೋ ಗೊತ್ತಿಲ್ಲದ ಫಂಕ್ಷನ್ ಅದು. ಹೊರಗಿಂದ ಕಾಣೋ ಮೆಮೊರಿಯನ್ನೆಲ್ಲ ಕಂಪೈಲರ್ ಅದಕ್ಕೆ ಮುಂಚೆ ಬರೆದು ಮುಗಿಸಬೇಕು. ಇನ್ನು 'ಮೊತ್ತ'ಕ್ಕೆ ವೊಲಟೈಲ್ ಅಂದ್ರೆ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಹಿಂದೆಮುಂದೆ ಆಗ್ತಿರೋದು ಪೂಲ್ ಮೇಲಿನ ಲೋಡ್, ಸ್ಟೋರ್.

ಟೆಸ್ಟ್ ಬರೆಯುವಾಗ ಒಂದು ಹುಷಾರು. ಎರಡೂ ಒಂದೇ ಬೇಸ್, ಸ್ಥಿರ ಇಂಡೆಕ್ಸ್ ಅಂತ ಕಣ್ಣಿಗೆ ಕಾಣ್ತಿದ್ರೆ, ಸಾಮಾನ್ಯವಾಗಿ ಜಿಸಿಸಿ, ಕ್ಲ್ಯಾಂಗ್ ಎರಡೂ ಮೊದಲು ವಿಳಾಸ ನೋಡಿ 'ಇದು ಅದೇ ಜಾಗ' ಅಂದುಬಿಡ್ತವೆ, ಟೈಪ್ ಕೇಳೋದೇ ಇಲ್ಲ. ಹಾಗಾಗಿ ಚಿಕ್ಕ ಟೆಸ್ಟ್ ಪಾಸ್ ಆಗಿ ದೊಡ್ಡ ಪ್ರೋಗ್ರಾಂ ಫೇಲ್ ಆಗುತ್ತೆ. ಎಲ್‌ಟಿಒ (ಲಿಂಕ್ ಮಾಡುವಾಗ ಎಲ್ಲ ಫೈಲ್ ಸೇರಿಸಿ ಆಪ್ಟಿಮೈಸ್ ಮಾಡೋದು) ಆನ್ ಮಾಡಿದ್ರೆ ಬೇರೆ ಫೈಲಲ್ಲಿ ಅಡಗಿದ್ದವೂ ಹೊರಗೆ ಬರ್ತವೆ.

ಪರಿಹಾರ: ಚೆಕ್‌ಸಮ್ ಫಂಕ್ಷನ್ ಅನ್‌ಸೈನ್ಡ್ ಚಾರ್ ಪಾಯಿಂಟರ್ ತಗೊಳ್ಳಲಿ, ಎರಡೆರಡು ಬೈಟ್ ಸೇರಿಸಿ ಕೂಡಲಿ. ರೆಕಾರ್ಡನ್ನ ಒಂದು ನಿಜವಾದ ಸ್ಟ್ರಕ್ಟ್ ವೇರಿಯಬಲ್‌ನಲ್ಲಿ ತುಂಬಿ, ಮೆಮ್‌ಕಾಪಿಯಲ್ಲಿ ಪೂಲ್‌ಗೆ ಹಾಕಿ. ಅಷ್ಟೇ.

ಮಂಡ್ಯ_ಮೈಕ್ರೋ:

ಮೇಲಿನವರು ಹೇಳಿದ್ದು ಸರಿ. ಅಲೈನ್‌ಮೆಂಟ್ (ವಿಳಾಸ 2, 4ರಂಥ ಗಡಿಯಲ್ಲಿ ಕೂತಿರೋದು) ಬಗ್ಗೆ ಯಾರೂ ಮಾತಾಡಿಲ್ಲ, ಮುಂದೆ ಹೊಡೆತ ಬೀಳೋದು ಅಲ್ಲೇ ಕಣಣ್ಣ. ಅನ್‌ಸೈನ್ಡ್ ಚಾರ್ ಅರೇಗೆ 1 ಬೈಟ್ ಅಲೈನ್‌ಮೆಂಟ್ ಸಾಕು. ಪೂಲ್ 4ರ ಗಡಿಯಲ್ಲಿ ಕೂತಿದ್ರೆ ಅದು ಲಿಂಕರ್ ದಯೆ. ಸಿ11ರಿಂದ ಅಲೈನ್ಆಸ್ ಇದೆ, 8 ಹಾಕಿಬಿಡಿ.

ತೂಕ ತೋರಿಸೋ ಇಂಡಿಕೇಟರ್‌ನಿಂದ ಬರೋ ಡೇಟಾ ಫ್ರೇಮ್‌ನಲ್ಲಿ ತೂಕ 3ನೇ ಬೈಟ್‌ನಿಂದ ಶುರುವಾಗೋದಾದ್ರೆ ಅಲೈನ್ಆಸ್ ಉಪಯೋಗಕ್ಕೆ ಬರಲ್ಲ. ಎಂ4ನಲ್ಲಿ ಒಂದೇ ಎಲ್‌ಡಿಆರ್ (ಮೆಮೊರಿ ಓದೋ ಇನ್‌ಸ್ಟ್ರಕ್ಷನ್) ಆದ್ರೆ ಅಲೈನ್ ಆಗದ ವಿಳಾಸವನ್ನೂ ಓದುತ್ತೆ, ಅದಕ್ಕೇ ಜನ ಮೈಮರೀತಾರೆ. ಪಕ್ಕಪಕ್ಕದ ಎರಡು ಓದನ್ನ ಕಂಪೈಲರ್ ಸೇರಿಸಿ ಎಲ್‌ಡಿಆರ್‌ಡಿ ಅಥವಾ ಎಲ್‌ಡಿಎಂ ಮಾಡಿದ ದಿನ ಫಾಲ್ಟ್. ಅದಕ್ಕಿಂತ ಚಿಕ್ಕ ಚಿಪ್ ಕಾರ್ಟೆಕ್ಸ್-ಎಂ0ನಲ್ಲಿ ಒಂದೇ ಎಲ್‌ಡಿಆರ್‌ಗೂ ನೇರ ಹಾರ್ಡ್‌ಫಾಲ್ಟ್.

ಮೆಮ್‌ಕಾಪಿ ನಿಧಾನ ಅನ್ನೋ ಭಯ ಬೇಡ. ಗಾತ್ರ ಸ್ಥಿರವಾಗಿ 4 ಅಂತ ಇದ್ರೆ ಎಂ4ಗೆ ಓ2ನಲ್ಲಿ ಫಂಕ್ಷನ್ ಕಾಲ್ ಉಳಿಯಲ್ಲ. ಒಂದು ಎಲ್‌ಡಿಆರ್ ಅಷ್ಟೇ. ಅಸೆಂಬ್ಲಿ ತೆಗೆದು ನೋಡಿ. ಪೂರ್ತಿ ಸ್ಟ್ಯಾಂಡರ್ಡ್ ಲೈಬ್ರರಿ ಇಲ್ಲ ಅಂತ ಹೇಳೋ ಫ್ರೀಸ್ಟ್ಯಾಂಡಿಂಗ್ ಫ್ಲ್ಯಾಗ್ ಹಾಕಿದ್ರೆ ಮಾತ್ರ ಮೆಮ್‌ಕಾಪಿ ಅನ್ನೋ ಹೆಸರಿಗೆ ವಿಶೇಷ ಅರ್ಥ ಉಳಿಯಲ್ಲ, ಕಾಲ್ ಹಾಗೇ ಉಳಿಯಬಹುದು. ಆಗ '__ಬಿಲ್ಟಿನ್_ಮೆಮ್‌ಕಾಪಿ' ಬಳಸಿ.

ತಂತಿಯಿಂದ ಬಂದ ಡೇಟಾಗೆ ನನ್ನ ಓಟು ಶಿಫ್ಟ್‌ಗೆ. ಎಂಡಿಯನ್ (ಬೈಟ್‌ಗಳ ಕ್ರಮ) ಗೊಂದಲವೂ ಅಲ್ಲೇ ತೀರುತ್ತೆ. ಪ್ರತಿ ಬೈಟನ್ನೂ ಯುಇಂಟ್32_ಟಿ ಮಾಡಿಕೊಂಡು ಆಮೇಲೆ ಶಿಫ್ಟ್ ಮಾಡಿ. ಹಾಗೇ 24 ಬಿಟ್ ತಳ್ಳಿದ್ರೆ ಅದು ಮೊದಲು ಸೈನ್ಡ್ ಇಂಟ್ ಆಗಿರುತ್ತೆ, ಬೈಟ್ 128ಕ್ಕಿಂತ ಕಮ್ಮಿ ಇಲ್ದಿದ್ರೆ ಸೈನ್ ಬಿಟ್‌ಗೆ ಹೋಗಿ ಸೇರಿ ಇನ್ನೊಂದು ಅನ್‌ಡಿಫೈನ್ಡ್ ಬಿಹೇವಿಯರ್ (ಏನಾಗುತ್ತೆ ಅಂತ ಸ್ಟ್ಯಾಂಡರ್ಡ್ ಭರವಸೆ ಕೊಡದ ಸ್ಥಿತಿ).

ಹೂಟಗಳ್ಳಿ_ಬೋರ್ಡ್:

ಚೆಕ್‌ಸಮ್ ಬೈಟ್‌ನಲ್ಲಿ ಬರೆದ ಮೇಲೆ ಓ2ನಲ್ಲೂ ಸರಿ ಬರ್ತಿದೆ. ಇನ್ನೆರಡು. ಸ್ಟ್ರಕ್ಟ್‌ಗೆ ಪ್ಯಾಕ್ಡ್ (ನಡುವೆ ಖಾಲಿ ಬೈಟ್ ಬಿಡದಿರೋದು) ಹಾಕಿದ್ರೆ ಅಥವಾ ಯೂನಿಯನ್ (ಒಂದೇ ಜಾಗಕ್ಕೆ ಹಲವು ಟೈಪ್) ಮಾಡಿದ್ರೆ ಸಾಕಿತ್ತಾ? ಮತ್ತೆ, ಇದೇ ಪೂಲ್ ಸಿ++ ಪ್ರಾಜೆಕ್ಟ್‌ಗೂ ಹೋಗಬೇಕು.

ಕುಕ್ಕರಹಳ್ಳಿ_ಕೋಡ್:

ಪ್ಯಾಕ್ಡ್ ಅಲೈನ್‌ಮೆಂಟ್‌ಗೆ ಮಾತ್ರ ಮದ್ದು, ಅಲಿಯಾಸಿಂಗ್‌ಗೆ ಅಲ್ಲ. ಅಲಿಯಾಸಿಂಗ್‌ಗೆ ಬೇಕಾದ್ದು ಜಿಸಿಸಿ, ಕ್ಲ್ಯಾಂಗ್ ಎರಡರಲ್ಲೂ ಇರೋ 'ಮೇ_ಅಲಿಯಾಸ್' ಆಟ್ರಿಬ್ಯೂಟ್. ಅದನ್ನ ಟೈಪ್‌ಡೆಫ್‌ಗೆ ಅಂಟಿಸಿದ್ರೆ ಆ ಟೈಪ್ ಚಾರ್ ಥರವೇ ನಡ್ಕೊಳುತ್ತೆ. ಯೂನಿಯನ್ ಸಿಯಲ್ಲಿ ನಡೆಯುತ್ತೆ, ಓದೋದು ಬರೆಯೋದು ಎರಡೂ ಯೂನಿಯನ್ ಹೆಸರಿನ ಮೂಲಕವೇ ಆಗಬೇಕು. ಮೆಂಬರ್‌ನ ವಿಳಾಸ ತಗೊಂಡು ಬೇರೆ ಫಂಕ್ಷನ್‌ಗೆ ಕೊಟ್ರೆ ಮತ್ತೆ ಅದೇ ಕಥೆ. ಸಿ++ ಸ್ಟ್ಯಾಂಡರ್ಡ್ ಯೂನಿಯನ್ ದಾರಿಯನ್ನ ಒಪ್ಪಲ್ಲ.

ಸಿ++ನಲ್ಲಿ ಬೈಟ್ ಅರೇಗೆ ಗೌರವ ಜಾಸ್ತಿ. ಅನ್‌ಸೈನ್ಡ್ ಚಾರ್ ಅಥವಾ ಎಸ್‌ಟಿಡಿ ಬೈಟ್ ಅರೇ ಬೇರೆ ಆಬ್ಜೆಕ್ಟ್‌ಗೆ ಜಾಗ ಕೊಡಬಹುದು. ಪ್ಲೇಸ್‌ಮೆಂಟ್ ನ್ಯೂ (ಇರೋ ಜಾಗದಲ್ಲೇ ಆಬ್ಜೆಕ್ಟ್ ಹುಟ್ಟಿಸೋದು) ಮಾಡಿ, ಅದು ಕೊಟ್ಟ ಪಾಯಿಂಟರನ್ನೇ ಇಟ್ಕೊಳ್ಳಿ. ಪೂಲ್ ವಿಳಾಸದಿಂದ ಮತ್ತೆ ಕ್ಯಾಸ್ಟ್ ಮಾಡೋದಾದ್ರೆ ಆ ವಿಳಾಸದಲ್ಲಿರೋ ಆಬ್ಜೆಕ್ಟ್‌ಗೆ ಸರಿಯಾದ ಪಾಯಿಂಟರ್ ಕೊಡೋ ಸಿ++17ರ ಲಾಂಡರ್ ಬೇಕು. ಸಿ++20 ಬಂದ ಮೇಲೆ ಸರಳ ಸ್ಟ್ರಕ್ಟ್‌ಗಳು ಅಂಥ ಅರೇಯಲ್ಲಿ ತಾವಾಗೇ ಹುಟ್ಟುತ್ತವೆ. ಆದ್ರೆ ಒಂದೇ ಜಾಗದಲ್ಲಿ ಒಂದೇ ಸಮಯಕ್ಕೆ ಯುಇಂಟ್32_ಟಿ, ಯುಇಂಟ್16_ಟಿ ಎರಡೂ ಹುಟ್ಟಿರೋಕೆ ಆಗಲ್ಲ, ಹಾಗಾಗಿ ನಿಮ್ಮ ಹಳೇ ಚೆಕ್‌ಸಮ್ ಅಲ್ಲೂ ತಪ್ಪೇ. ಬರೀ ಮೌಲ್ಯ ಬೇಕಿದ್ರೆ ಸಿ++20ರ ಬಿಟ್_ಕ್ಯಾಸ್ಟ್ ಚೆನ್ನಾಗಿದೆ. ಅಲೈನ್ಡ್_ಸ್ಟೋರೇಜ್ ಹೊಸ ಕೋಡ್‌ಗೆ ಬೇಡ, ಸಿ++23ರಲ್ಲಿ ಡೆಪ್ರಿಕೇಟ್ ಆಗಿದೆ.

ಇನ್ನೊಂದು ವ್ಯತ್ಯಾಸ: ಸಿಯಲ್ಲಿ ಮ್ಯಾಲಾಕ್‌ನಿಂದ (ಓಡುವಾಗ ಮೆಮೊರಿ ಕೊಡೋ ಫಂಕ್ಷನ್) ಬಂದ ಜಾಗಕ್ಕೆ ಡಿಕ್ಲೇರ್ ಆದ ಟೈಪ್ ಇಲ್ಲ, ಕೊನೇ ಸ್ಟೋರ್ ಯಾವ ಟೈಪೋ ಅದೇ ಅದರ ಟೈಪ್. ಸ್ಟ್ಯಾಟಿಕ್ ಅರೇಗೆ ಆ ಸೌಲಭ್ಯ ಇಲ್ಲ. ಪೂಲನ್ನ ಮ್ಯಾಲಾಕ್‌ಗೆ ಬದಲಾಯಿಸಿದ್ರೆ ಸ್ಲಾಟ್ ಮರುಬಳಕೆ ಕಾನೂನುಬದ್ಧ, 32ರಲ್ಲಿ ಬರೆದು 16ರಲ್ಲಿ ಓದೋದು ಆಗಲೂ ಅಲ್ಲ.

ಮೇಕ್‌ಫೈಲ್_ಮಾವ:

ಇಷ್ಟೆಲ್ಲ ಯಾಕೆ ಸ್ವಾಮಿ, 'ನೋ-ಸ್ಟ್ರಿಕ್ಟ್-ಅಲಿಯಾಸಿಂಗ್' ಹಾಕಿ ಮುಗಿಸಿ. ಲಿನಕ್ಸ್ ಕರ್ನಲ್ಲೇ ಆ ಫ್ಲ್ಯಾಗ್‌ನಲ್ಲಿ ಬಿಲ್ಡ್ ಆಗುತ್ತೆ.

ಮಂಡ್ಯ_ಮೈಕ್ರೋ:

ಹಳೇ ಕೋಡ್ ರಾಶಿ ಇದ್ರೆ ನಾನೂ ಅದನ್ನೇ ಹಾಕ್ತೀನಿ, ನಾಚಿಕೆ ಏನಿಲ್ಲ. ಆದ್ರೆ ಅದು ಅಲೈನ್‌ಮೆಂಟ್ ಫಾಲ್ಟ್ ತಡೆಯಲ್ಲ. ಫ್ಲ್ಯಾಗ್ ಇಲ್ಲದ ಬೇರೆ ಪ್ರಾಜೆಕ್ಟ್‌ಗೆ ಹೆಡರ್ ಕಾಪಿ ಮಾಡಿದ ದಿನ ಬಗ್ ವಾಪಸ್.

ಹುಡುಕೋದಕ್ಕೆ: ಜಿಸಿಸಿಯ 'ವಾಲ್' (-Wall) ಫ್ಲ್ಯಾಗ್‌ನಲ್ಲಿ ಸ್ಟ್ರಿಕ್ಟ್-ಅಲಿಯಾಸಿಂಗ್ ವಾರ್ನಿಂಗ್ 3ನೇ ಹಂತದಲ್ಲಿ ಸೇರಿದೆ. ಅದು ಕೆಲಸ ಮಾಡೋದು ಆ ಆಪ್ಟಿಮೈಸೇಶನ್ ಆನ್ ಇದ್ದಾಗ ಮಾತ್ರ, ಓ0 ಬಿಲ್ಡ್‌ನಲ್ಲಿ ಮೌನ. 2ಕ್ಕೆ ಇಳಿಸಿದ್ರೆ ಜಾಸ್ತಿ ಹಿಡಿಯುತ್ತೆ, ಸುಳ್ಳು ದೂರೂ ಜಾಸ್ತಿ. ಯುಬಿಸ್ಯಾನ್ (ಓಡುವಾಗ ಅನ್‌ಡಿಫೈನ್ಡ್ ಬಿಹೇವಿಯರ್ ಹುಡುಕೋ ಟೂಲ್) ಅಲೈನ್‌ಮೆಂಟ್ ಹಿಡಿಯುತ್ತೆ, ಅಲಿಯಾಸಿಂಗ್ ಹಿಡಿಯಲ್ಲ. ಅದಕ್ಕೆ ಕ್ಲ್ಯಾಂಗ್ 20ರಲ್ಲಿ ಟೈಪ್‌ಸ್ಯಾನಿಟೈಸರ್ ಬಂದಿದೆ. ಬೋರ್ಡ್ ಮೇಲೆ ಓಡಿಸೋ ಆಸೆ ಬೇಡ, ಪೂಲ್ ಮತ್ತೆ ರೆಕಾರ್ಡ್ ಕೋಡನ್ನ ಲಿನಕ್ಸ್ ಪಿಸಿಗೆ ಬಿಲ್ಡ್ ಮಾಡಿ ಅಲ್ಲೇ ಓಡಿಸಿ. ಫ್ರೇಮ್ ಆಫ್‌ಸೆಟ್ 0, 1, 2, 3 ನಾಲ್ಕಕ್ಕೂ ಟೆಸ್ಟ್ ಹಾಕಿ.