ಅಮ್ಮನ ಫೋನಿಗೆ ದಿನಾ ದೇಣಿಗೆ ಕೇಳುವವರ ಕಾಟ, ಏನು ಮಾಡೋದು?

ದುರ್ಗಿಗುಡಿ ಜೆರಾಕ್ಸ್

ನಮಸ್ಕಾರ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ. ಮನೆ ವಿನೋಬನಗರದಲ್ಲಿ. ಅಮ್ಮನಿಗೆ 74 ವರ್ಷ. ಅಪ್ಪ ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದರು, ಈಗಿಲ್ಲ. ಅವರ ಫ್ಯಾಮಿಲಿ ಪೆನ್ಷನ್ ಅಮ್ಮನ ಖಾತೆಗೆ ಬರುತ್ತದೆ. ಆ ದುಡ್ಡಿನ ಲೆಕ್ಕ ನಾನು ಯಾವತ್ತೂ ಕೇಳಿದವನಲ್ಲ.

ಮೊನ್ನೆ ಪಾಸ್‌ಬುಕ್ ಎಂಟ್ರಿ ಹಾಕಿಸಲು ಹೋದಾಗ ನೋಡಿದೆ. ಪ್ರತಿ ತಿಂಗಳು 5ನೇ ತಾರೀಕು 800 ರೂಪಾಯಿ ಹೋಗಿದೆ. ಐದು ತಿಂಗಳಿಂದ. ಮನೆಗೆ ಬಂದು ಕೇಳಿದರೆ ಅಮ್ಮನಿಗೂ ಆಶ್ಚರ್ಯ. "ಅವತ್ತು ಒಂದು ಸಲ ಕೊಟ್ಟಿದ್ದು ಕಣೋ, ತಿಂಗಳು ತಿಂಗಳು ಅಂತ ಯಾರು ಹೇಳಿದರು?" ಎಂದರು.

ಆಮೇಲೆ ನೆನಪಾಯಿತು. ದಸರಾ ಸಮಯದಲ್ಲಿ ಅಮ್ಮನನ್ನು ಸಾಮಾನು ತರಲು ಕರೆದುಕೊಂಡು ಹೋಗಿದ್ದೆ. ಅಂಗಡಿ ಬಾಗಿಲಲ್ಲೇ ಮೂರ್ನಾಲ್ಕು ಹುಡುಗರು ಹುಡುಗಿಯರು ನಿಂತಿದ್ದರು. ಕುತ್ತಿಗೆಗೆ ಐಡಿ ಕಾರ್ಡ್, ಕೈಯಲ್ಲಿ ಟ್ಯಾಬ್. ನಾನು ಸ್ಕೂಟರ್ ನಿಲ್ಲಿಸಿ ಬರುವಷ್ಟರಲ್ಲಿ ಒಬ್ಬ ಹುಡುಗಿ ಅಮ್ಮನ ಕೈ ಹಿಡಿದುಕೊಂಡು ಮಾತಾಡುತ್ತಿದ್ದಳು. ಹೃದಯದ ಆಪರೇಷನ್ ಆಗಬೇಕಾದ ಮಗು, ಮೂಗಿಗೆ ನಳಿಗೆ ಹಾಕಿದ ಫೋಟೋ. ಅಮ್ಮ ಕಣ್ಣೊರೆಸಿಕೊಂಡು ಫೋನ್ ತೆಗೆದು ಪಿನ್ ಒತ್ತಿದರು. ನಾನೂ ನೋಡುತ್ತಾ ನಿಂತಿದ್ದೆ. ದಡ್ಡ ನಾನೇ.

ಅಲ್ಲಿಗೆ ಮುಗಿದಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಆವತ್ತಿನಿಂದ ಫೋನ್ ಶುರು. ಮಧ್ಯಾಹ್ನ ಎರಡರ ಸುಮಾರಿಗೆ, ಅಮ್ಮ ಊಟ ಮಾಡಿ ಅಡ್ಡಾದ ಹೊತ್ತಿಗೆ ಸರಿಯಾಗಿ. ಪ್ರತಿ ಸಲ ಬೇರೆ ನಂಬರ್. "ಅಮ್ಮಾ ಊಟ ಆಯ್ತಾ?" ಅಂತಲೇ ಶುರು ಮಾಡುತ್ತಾರೆ. ಆಮೇಲೆ ಇನ್ನೊಂದು ಮಗು, ಇನ್ನೊಂದು ಆಪರೇಷನ್, ಇವತ್ತು ಸಂಜೆಯೊಳಗೆ ಕಟ್ಟಬೇಕು. ಹದಿನೈದು ದಿನದ ಹಿಂದೆ ಅಮ್ಮ "ಈಗ ನನ್ನ ಹತ್ರ ಇಲ್ಲ ಕಣಪ್ಪಾ" ಅಂದಿದ್ದಕ್ಕೆ ಆ ಹುಡುಗ "ನಿಮ್ಮ ಮೊಮ್ಮಗು ಆಗಿದ್ದರೆ ಹೀಗೆ ಹೇಳ್ತಿದ್ರಾ ಅಮ್ಮಾ?" ಅಂದನಂತೆ. ಅಮ್ಮ ಅವತ್ತು ರಾತ್ರಿ ಊಟ ಬಿಟ್ಟರು. ಈಗ ಫೋನ್ ರಿಂಗ್ ಆದರೆ ನನ್ನ ಮುಖ ನೋಡುತ್ತಾರೆ.

ನಾವು ಜಿಪುಣರೇನಲ್ಲ, ಇದನ್ನು ಹೇಳಲೇಬೇಕು. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಊರಿನ ತಗ್ಗು ಬಡಾವಣೆಗಳಿಗೆಲ್ಲ ನೀರು ನುಗ್ಗಿತ್ತಲ್ಲ, ಆಗ ಅಮ್ಮ ಎರಡು ದಿನ ಒಲೆ ಆರಿಸಲಿಲ್ಲ. ಚಿತ್ರಾನ್ನ ಮಾಡಿ ಮಾಡಿ ಕಳಿಸಿದರು. ಮನೆಯ ಬೆಡ್‌ಶೀಟ್, ಕಂಬಳಿ ಎಲ್ಲ ಹೋಯಿತು. ನಾನು ಆಗಷ್ಟೇ ತಂದಿದ್ದ ರೇನ್‌ಕೋಟ್ ಕೂಡ ಹೋಯಿತು, ಒಂದು ಸಲವೂ ಹಾಕಿರಲಿಲ್ಲ! ಅವರನ್ನು ಯಾರೂ ಕೇಳಿರಲಿಲ್ಲ, ಯಾರೂ ಫೋಟೋ ತೋರಿಸಿರಲಿಲ್ಲ. ಅಂಥವರು ಈಗ ಕೊಡುವುದಕ್ಕೆ ಹೆದರುತ್ತಿದ್ದಾರೆ. ನನಗೆ ಸಿಟ್ಟು ಬಂದಿರುವುದು ನಾಲ್ಕು ಸಾವಿರಕ್ಕಲ್ಲ, ಇದಕ್ಕೆ.

ಗಣಪತಿ ಚಂದಾ ಎತ್ತುವ ಹುಡುಗರೂ ಅಂಗಡಿಗೆ ಬರುತ್ತಾರೆ. ರಸೀದಿ ಪುಸ್ತಕದಲ್ಲಿ ಅವರೇ 500 ಅಂತ ಬರೆದು ತಂದಿರುತ್ತಾರೆ. ಬೈದು, ಆ ಅಂಕಿ ಹೊಡೆದು ಹಾಕಿಸಿ 200 ಕೊಡುತ್ತೇನೆ. ಅವರೂ ಗೊಣಗುತ್ತಾರೆ, ಮರುದಿನ ಪ್ರಸಾದ ತಂದು ಕೊಡುತ್ತಾರೆ. ಯಾರ ಮಗ ಅಂತ ನನಗೆ ಗೊತ್ತು, ಪೆಂಡಾಲ್ ಎಲ್ಲಿದೆ ಅಂತಲೂ ಗೊತ್ತು. ಈ ಫೋನಿನವರ ಹತ್ತಿರ ಚೌಕಾಸಿಯನ್ನೂ ಮಾಡುವಂತಿಲ್ಲ, ಜಗಳವನ್ನೂ ಆಡುವಂತಿಲ್ಲ.

ಈ 800 ನಿಲ್ಲಿಸುವುದು ಹೇಗೆ? ಫೋನ್ ನಿಲ್ಲಿಸುವುದು ಹೇಗೆ? ಎಲ್ಲಕ್ಕಿಂತ ಹೆಚ್ಚಾಗಿ, ಅಮ್ಮನಿಗೆ ಏನಂತ ಹೇಳಲಿ?

ಸಾಗರದ ಲೆಕ್ಕಿಗ

ಮೊದಲು 800ರ ವಿಷಯ. ಅದು ಯುಪಿಐ ಆಟೋಪೇ ಆಗಿರಬೇಕು. ಮೊದಲ ಸಲ ಪಿನ್ ಒತ್ತಿದರೆ ಸಾಕು, ಆಮೇಲೆ 15,000 ರೂಪಾಯಿವರೆಗಿನ ಕಂತು ಪಿನ್ ಕೇಳದೆ ತಾನಾಗೇ ಹೋಗುತ್ತದೆ. ಅಮ್ಮನ ಫೋನಿನಲ್ಲಿ ಆ ಆ್ಯಪ್ ತೆರೆದು ಆಟೋಪೇ ಅಥವಾ ಮ್ಯಾಂಡೇಟ್ (ದುಡ್ಡು ಕಟ್ ಮಾಡಲು ಮೊದಲೇ ಕೊಟ್ಟ ಒಪ್ಪಿಗೆ) ಅಂತ ಇರುವುದನ್ನು ಹುಡುಕಿ. ಅಲ್ಲೇ ರದ್ದು ಮಾಡಬಹುದು. ಸಂಸ್ಥೆಯವರ ಒಪ್ಪಿಗೆ ಬೇಕಾಗಿಲ್ಲ. "ನಾವೇ ನಿಲ್ಲಿಸ್ತೀವಿ, ನೀವು ಏನೂ ಮಾಡಬೇಡಿ" ಅಂದರೆ ನಂಬಬೇಡಿ. ಆ್ಯಪ್‌ನಲ್ಲಿ ಸಿಗಲಿಲ್ಲ ಅಂದರೆ ಬ್ಯಾಂಕ್ ಮೂಲಕ ಆಗಿರುವ ನಾಚ್ ಮ್ಯಾಂಡೇಟ್, ಅಂದರೆ ಖಾತೆಯಿಂದಲೇ ನೇರ ಕಂತು ಕಟ್ ಆಗುವ ವ್ಯವಸ್ಥೆ, ಇರಬಹುದು. ಆಗ ಶಾಖೆಗೆ ಹೋಗಿ ಬರೆದು ಕೊಡಿ. ಇನ್ನೊಂದು ಮಾತು. ದುಡ್ಡು ಕಟ್ ಆಗುವ 24 ಗಂಟೆ ಮೊದಲು ಮೆಸೇಜ್ ಬರಬೇಕು. ಬಂದೇ ಇರುತ್ತದೆ, ಇಂಗ್ಲಿಷ್‌ನಲ್ಲಿ ಬಂದಿದ್ದರಿಂದ ಅಮ್ಮ ನೋಡಿರಲಿಕ್ಕಿಲ್ಲ.

ಫೋನಿಗೆ 1909. ಅಮ್ಮನ ನಂಬರಿನಿಂದಲೇ ಮಾಡಿ ಡಿಎನ್‌ಡಿ, ಅಂದರೆ ಜಾಹೀರಾತು ಕರೆ ಬೇಡ ಅನ್ನುವ ನೋಂದಣಿ, ಹಾಕಿಸಿ. ಇವರು ಮಾಮೂಲಿ ಹತ್ತಂಕಿ ಮೊಬೈಲ್ ನಂಬರಿನಿಂದ ಮಾಡುತ್ತಾರೆ, ಹಾಗಾಗಿ ಪೂರ್ತಿ ನಿಲ್ಲುವುದಿಲ್ಲ. ಆದರೆ ಕರೆ ಬಂದ ಏಳು ದಿನದೊಳಗೆ ಅದೇ 1909ಕ್ಕೆ ದೂರು ಕೊಡಬಹುದು. ಬೇಜಾರು ಮಾಡಿಕೊಳ್ಳದೆ ಪ್ರತಿ ನಂಬರನ್ನೂ ಕೊಡಿ. ಸಂಸ್ಥೆಯೇ ಸುಳ್ಳು ಅನ್ನಿಸಿದರೆ ಅದು ಮೋಸ, ಆಗ ಸೈಬರ್ ವಂಚನೆಯ ಸಹಾಯವಾಣಿ 1930.

ಸುಳ್ಳೋ ನಿಜವೋ ನೋಡಲು ಸೇವಾ ಸಂಸ್ಥೆಗಳ ಪಟ್ಟಿ ಇರುವ ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲ್ ಇದೆ. ಹೆಸರು ಹಾಕಿ ಹುಡುಕಿ. ಅಲ್ಲಿ ಹೆಸರಿದ್ದ ಮಾತ್ರಕ್ಕೆ ಒಳ್ಳೆಯವರು ಅಂತಲ್ಲ, ಇಷ್ಟು ಮಾತ್ರ ನೆನಪಿಡಿ.

ತೆರಿಗೆ ವಿಷಯದಲ್ಲಿ ಜನರನ್ನು ಹೇಗೆ ಮಂಗ ಮಾಡುತ್ತಾರೆ ಅಂತ ದಿನಾ ನೋಡುತ್ತೇನೆ. "80ಜಿ ಇದೆ, ನಿಮ್ಮ ದುಡ್ಡು ವಾಪಸ್ ಬರುತ್ತೆ" ಅನ್ನುತ್ತಾರೆ. 80ಜಿ ಅಂದರೆ ದೇಣಿಗೆಗೆ ಸಿಗುವ ತೆರಿಗೆ ವಿನಾಯಿತಿ. ದುಡ್ಡು ವಾಪಸ್ ಬರುವುದಿಲ್ಲ. ಹೆಚ್ಚಿನ ಸಂಸ್ಥೆಗಳಿಗೆ ಕೊಟ್ಟಿದ್ದರಲ್ಲಿ ಅರ್ಧ ಭಾಗವನ್ನು ನಿಮ್ಮ ಆದಾಯದಲ್ಲಿ ಕಳೆಯುತ್ತಾರೆ, ತೆರಿಗೆಯಲ್ಲಿ ಅಲ್ಲ. ಅದೂ ಹಳೇ ಪದ್ಧತಿಯಲ್ಲಿ ರಿಟರ್ನ್ ಹಾಕುವವರಿಗೆ. ಹೊಸ ಪದ್ಧತಿಯಲ್ಲಿ ಈ ವಿನಾಯಿತಿ ಇಲ್ಲ. ನಗದಾಗಿ 2,000ಕ್ಕಿಂತ ಜಾಸ್ತಿ ಕೊಟ್ಟರೂ ಇಲ್ಲ. ಸುಮ್ನೆ ರಸೀದಿ ಇದ್ದರೆ ಸಾಲದು, ವರ್ಷ ಮುಗಿದ ಮೇಲೆ ಮೇ 31ರೊಳಗೆ ಸಂಸ್ಥೆ 10ಬಿಇ ಅನ್ನುವ ಪ್ರಮಾಣಪತ್ರ ಕೊಡಬೇಕು. ನಿಮ್ಮ ತಾಯಿಗೆ ಬರೀ ಫ್ಯಾಮಿಲಿ ಪೆನ್ಷನ್ ಅಂದರೆ ತೆರಿಗೆಯೇ ಬರಲಿಕ್ಕಿಲ್ಲ. ಇಲ್ಲದ ತೆರಿಗೆಯಲ್ಲಿ ಉಳಿಸುವುದೇನು?

ಸಿಟ್ಟಿನ ಸಿದ್ದ

ಗೊತ್ತಿಲ್ಲದ ನಂಬರ್ ಎತ್ತಬೇಡಿ ಅಂತ ಹೇಳಿ. ಮುಗೀತು. ಇದಕ್ಕೆ ಇಷ್ಟುದ್ದ ಬರೆಯಬೇಕಾ?

ದುರ್ಗಿಗುಡಿ ಜೆರಾಕ್ಸ್

ಸಿದ್ದಣ್ಣ, ಗ್ಯಾಸ್ ತರುವವನು, ಆಟೋದವನು, ಲ್ಯಾಬ್‌ನವರು ಎಲ್ಲರೂ ಗೊತ್ತಿಲ್ಲದ ನಂಬರಿನಿಂದಲೇ ಮಾಡುತ್ತಾರೆ. ಎತ್ತಬೇಡಿ ಅಂತ ಒಂದು ದಿನ ಹೇಳಿದೆ. ಅವತ್ತೇ ಸಿಲಿಂಡರ್ ವಾಪಸ್ ಹೋಯಿತು.

ಹಳೇ ಟ್ಯಾಬ್ ಹುಡುಗ

ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ. ನಾನು ಭದ್ರಾವತಿಯವನು. ಡಿಗ್ರಿ ಮುಗಿಸಿ ಬೆಂಗಳೂರಿಗೆ ಹೋದಾಗ ಸಿಕ್ಕ ಮೊದಲ ಕೆಲಸವೇ ಇದು. ಏಳು ತಿಂಗಳು ಮಾಡಿದೆ. ನಿಮ್ಮ ತಾಯಿಯ ಕೈ ಹಿಡಿದುಕೊಂಡ ಹುಡುಗಿಯ ಜಾಗದಲ್ಲಿ ನಾನು ನಿಂತಿದ್ದೇನೆ.

ಟೀ ಶರ್ಟ್ ಮೇಲೆ ಇರುವ ಸಂಸ್ಥೆಯಲ್ಲಿ ನಾನು ಕೆಲಸಕ್ಕೆ ಇರಲಿಲ್ಲ. ನಡುವೆ ಒಂದು ಏಜೆನ್ಸಿ. ಸಂಬಳ ಅವರದು, ಟಾರ್ಗೆಟ್ ಅವರದು. ನಮಗೆ ದಿನಕ್ಕೆ ಒಂದು ಸೈನ್‌ಅಪ್ ಆಗಲೇಬೇಕಿತ್ತು. ಎರಡು ದಿನ ಖಾಲಿ ಹೋದರೆ ಸಂಜೆ ಎಲ್ಲರ ಮುಂದೆ ನಿಲ್ಲಿಸಿ ಕೇಳುತ್ತಿದ್ದರು. ಒಂದು ಸಲ ಕೊಡುವ ದುಡ್ಡು ಲೆಕ್ಕಕ್ಕೇ ಇಲ್ಲ. ಒಬ್ಬರು ಜೇಬಿನಿಂದ 2,000 ತೆಗೆದು ಕೊಡಲು ಬಂದಾಗ ನಾನು ಬೇಡ ಅಂದಿದ್ದೇನೆ, ನಂಬುತ್ತೀರಾ? ತಿಂಗಳು ತಿಂಗಳು ಬರುವ ಮ್ಯಾಂಡೇಟ್ ಆದರೆ ಮಾತ್ರ ಅದು ನನ್ನ ಹೆಸರಿಗೆ ಬೀಳುತ್ತಿತ್ತು.

ಮಾತು ಎಲ್ಲ ಬಾಯಿಪಾಠ. ಮೊದಲು 1,500 ಕೇಳು. ಮುಖ ಸಣ್ಣದಾದರೆ 800ಕ್ಕೆ ಇಳಿ. ಆಗ ಅವರಿಗೇ ತಾವು ಉಳಿಸಿದೆವು ಅನ್ನಿಸುತ್ತದೆ. "ತಿಂಗಳಿಗೆ" ಅನ್ನುವ ಪದವನ್ನು ಹೇಳಬೇಕು, ಆದರೆ ಬೇಗ ಹೇಳಿ ಮುಂದೆ ಹೋಗಬೇಕು. ನಿಮ್ಮ ತಾಯಿಗೆ ಅದು ಕೇಳಿಸಿರುವುದಿಲ್ಲ. ತಪ್ಪು ಅವರದಲ್ಲ.

ವಯಸ್ಸಾದ ಹೆಂಗಸರು ಒಬ್ಬರೇ ನಿಂತಿದ್ದರೆ ಮೊದಲು ಅಲ್ಲಿಗೆ ಹೋಗುತ್ತಿದ್ದೆವು. ಅವರು ನಿಂತು ಕೇಳುತ್ತಾರೆ. ಬೇರೆಯವರು ಕೈ ಅಡ್ಡ ಮಾಡಿ ಹೋಗುತ್ತಾರೆ. ಒಮ್ಮೆ ಒಬ್ಬರು ಅಜ್ಜಿ ಪೂರ್ತಿ ಕೇಳಿಸಿಕೊಂಡು "ನೀನು ಊಟ ಮಾಡಿದ್ಯಾ ಮಗಾ?" ಅಂದರು. ಸೈನ್‌ಅಪ್ ಮಾಡಿಸಿಕೊಂಡೆ. ಆ ತಿಂಗಳೇ ಕೆಲಸ ಬಿಟ್ಟೆ. ಅದಕ್ಕೇ ಬಿಟ್ಟೆ ಅಂತ ಹೇಳಿಕೊಂಡರೆ ಚೆನ್ನಾಗಿರುತ್ತದೆ, ನಿಜ ಹೇಳಬೇಕೆಂದರೆ ಬೇರೆ ಕೆಲಸ ಸಿಕ್ಕಿತ್ತು.

ಇನ್ನೊಂದು ಗುಟ್ಟು. ಫೋನ್ ಬಂದಾಗ "ಈಗ ಬೇಡ", "ಆಮೇಲೆ ನೋಡೋಣ" ಅನ್ನಬೇಡಿ. ಅವರು ಅದನ್ನು ಆಸಕ್ತಿ ಇದೆ ಅಂತ ಬರೆದುಕೊಳ್ಳುತ್ತಾರೆ, ಮತ್ತೆ ಫೋನ್ ಬರುತ್ತದೆ. "ನನ್ನ ನಂಬರ್ ಪಟ್ಟಿಯಿಂದ ತೆಗೆಯಿರಿ" ಅಂತ ನೇರವಾಗಿ ಹೇಳಿ ಇಡಬೇಕು.

ಸಂಸ್ಥೆ ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ನಮ್ಮ ಸಂಸ್ಥೆ ನಿಜಕ್ಕೂ ಮಕ್ಕಳಿಗೆ ಆಪರೇಷನ್ ಮಾಡಿಸುತ್ತಿತ್ತು, ನಾನು ಹೋಗಿ ನೋಡಿದ್ದೇನೆ. ಅದಕ್ಕೇ ಇನ್ನೂ ಬೇಜಾರು.

ತೀರ್ಥಹಳ್ಳಿ ಕಡೆಯವಳು

ಲೆಕ್ಕಿಗರು ಹೇಳಿದ್ದೆಲ್ಲ ಸರಿ. ಆದ್ರೆ ನಿಮ್ಮ ಮೂರನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ಮಾರಾಯ್ರೇ. ನೇರ ಹೇಳಿ ಇಡಬೇಕಂತೆ! ನಮ್ಮ ಅಮ್ಮಂದಿರಿಗೆ ಅದು ಬರುತ್ತಾ? ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನಬಾರದು ಅಂತಲೇ ಬೆಳೆದವರು. ನಮ್ಮನೇಲಿ ಅಡಿಕೆ ಕೊಯ್ಲಿನ ಹೊತ್ತಿಗೆ ಯಾರು ಅಂಗಳಕ್ಕೆ ಬಂದರೂ ಬರಿಗೈಲಿ ಕಳಿಸುತ್ತಿರಲಿಲ್ಲ. ಅಕ್ಕಿಯೋ, ಕಾಯಿಯೋ, ನಾಲ್ಕು ಗೋಟಡಿಕೆಯೋ. ಬಂದವರೂ ಅಷ್ಟಕ್ಕೆ ಹೋಗುತ್ತಿದ್ದರು, ಕಣಜದಲ್ಲಿ ಎಷ್ಟಿದೆ ಅಂತ ಇಣುಕುತ್ತಿರಲಿಲ್ಲ.

ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಹೋಗಿದ್ದಾಗ ಅಲ್ಲೂ ಇದೇ ಕಥೆ ಕೇಳಿದೆ. ಬ್ರಿಸ್ಟಲ್‌ನಲ್ಲಿ ಆಲಿವ್ ಕುಕ್ ಅಂತ ಒಬ್ಬರು ಅಜ್ಜಿ ಇದ್ದರಂತೆ. ಯುದ್ಧದಲ್ಲಿ ಸತ್ತ ಸೈನಿಕರ ನೆನಪಿಗೆ ಜನ ಎದೆ ಮೇಲೆ ಚುಚ್ಚಿಕೊಳ್ಳುವ ಕೆಂಪು ಗಸಗಸೆ ಹೂವನ್ನು ಎಷ್ಟೋ ವರ್ಷ ನಿಂತು ಮಾರಿದವರು. ಅಂದರೆ ಅವರೇ ಚಂದಾ ಎತ್ತಿದವರು! 2015ರಲ್ಲಿ ತೀರಿಕೊಂಡಾಗ ಅವರಿಗೆ 92. ದೇಣಿಗೆ ಕೇಳಿ ಮನೆಗೆ ರಾಶಿ ರಾಶಿ ಪತ್ರ ಬರುತ್ತಿತ್ತು ಅಂತ ಆಗ ದೊಡ್ಡ ಸುದ್ದಿಯಾಯ್ತು. ಸಾವಿಗೆ ಅವೇ ಕಾರಣ ಅಲ್ಲ ಅಂತ ಮನೆಯವರೇ ಹೇಳಿದರು. ಆದ್ರೂ ಜನರ ಸಿಟ್ಟು ಇಳಿಯಲಿಲ್ಲ. 2016ರಲ್ಲಿ ಇದನ್ನೆಲ್ಲ ನೋಡಿಕೊಳ್ಳಲು ಫಂಡ್‌ರೈಸಿಂಗ್ ರೆಗ್ಯುಲೇಟರ್ ಅಂತ ಮಾಡಿದರು. ಮರುವರ್ಷದಿಂದ, ಯಾವ ಸಂಸ್ಥೆ ನನ್ನನ್ನು ಕೇಳಬಾರದು ಅಂತ ಅವರಿಗೆ ತಿಳಿಸಿದರೆ ಆ ಸಂಸ್ಥೆ ಸುಮ್ಮನಾಗಬೇಕು. ಮಗಳ ಪಕ್ಕದ ಮನೆಯಾಕೆ ಅದನ್ನೇ ಮಾಡಿದ್ದು.

ನಮ್ಮಲ್ಲಿ ಅದಿಲ್ಲ, ಹಾಗಾಗಿ ಆ ಕೆಲಸ ನೀವು ಮಾಡಿ. ನಿಮ್ಮ ತಾಯಿಗೆ ಒಂದು ನೆಪ ಬೇಕು, ಅಷ್ಟೇ. "ದುಡ್ಡಿನ ವಿಷಯ ಎಲ್ಲ ನನ್ನ ಮಗನ ಹತ್ರ ಕೇಳಿ" ಅನ್ನಲಿ. ಆಗ ಇಲ್ಲ ಅಂದಿದ್ದು ಅವರಲ್ಲ, ನೀವು. ಪಾಪ ನಿಮಗೆ ಬರುತ್ತೆ! ಮತ್ತೆ ಇನ್ನೊಂದು. ಆ 800ನ್ನು ಅವರಿಂದ ಕಸಿದುಕೊಂಡ ಹಾಗೆ ಮಾಡಬೇಡಿ. ಯಾರಿಗೆ ಕೊಡಬೇಕು ಅಂತ ಅವರೇ ಹೇಳಲಿ.

ದುರ್ಗಿಗುಡಿ ಜೆರಾಕ್ಸ್

ಎಲ್ಲರಿಗೂ ಥ್ಯಾಂಕ್ಸ್. ಆಟೋಪೇ ಸಿಕ್ಕಿತು, ನಿನ್ನೆ ರಾತ್ರಿ ರದ್ದು ಮಾಡಿದೆ. ಒಂದಲ್ಲ, ಎರಡಿತ್ತು. ಇನ್ನೊಂದು 300ರದ್ದು, ಈ ತಿಂಗಳಿಂದ ಶುರುವಾಗಬೇಕಿತ್ತು. ಯಾವಾಗ ಮಾಡಿಸಿದರೋ ಅಮ್ಮನಿಗೆ ನೆನಪೇ ಇಲ್ಲ.

ರದ್ದು ಮಾಡುವ ಮೊದಲು ಅಮ್ಮ ಒಂದು ಷರತ್ತು ಹಾಕಿದರು. ಆ ಮಗು ಹೇಗಿದೆ ಅಂತ ಕೇಳಿ ತಿಳಿದುಕೊಂಡು ಆಮೇಲೆ ನಿಲ್ಲಿಸು ಅಂದರು. ಸರಿ ಅಂತ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದೆ. "ದಸರಾದಲ್ಲಿ ಫೋಟೋ ತೋರಿಸಿದ್ರಲ್ಲಪ್ಪಾ, ಆ ಮಗುವಿಗೆ ಆಪರೇಷನ್ ಆಯ್ತಾ?" ಅಂತ ಅಮ್ಮ ಕೇಳಿದರು. ಆ ಕಡೆಯವನು "ಯಾವ ಮಗು ಅಮ್ಮಾ?" ಅಂದ. ಅಮ್ಮ ಬಿಡಲಿಲ್ಲ. ಹಳದಿ ಅಂಗಿ, ಕಣ್ಣಿಗೆ ಕಾಡಿಗೆ ಹಚ್ಚಿದ್ದರು, ಎಲ್ಲ ಹೇಳಿದರು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡಿ ಹೇಳ್ತೀನಿ ಅಮ್ಮಾ, ಅಷ್ಟರಲ್ಲಿ ಇನ್ನೊಂದು ಅರ್ಜೆಂಟ್ ಕೇಸ್ ಇದೆ" ಅಂತ ಶುರು ಮಾಡಿದ. ಅಮ್ಮನೇ ಕೆಂಪು ಗುಂಡಿ ಒತ್ತಿ ಕಟ್ ಮಾಡಿದರು. ಅವರು ಯಾರದ್ದಾದರೂ ಫೋನನ್ನು ಹಾಗೆ ಕಟ್ ಮಾಡಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ತೀರ್ಥಹಳ್ಳಿ ಅಕ್ಕ, ನಿಮ್ಮ ಉಪಾಯ ಜಾಸ್ತಿಯೇ ಕೆಲಸ ಮಾಡುತ್ತಿದೆ. ಇವತ್ತು ಬೆಳಿಗ್ಗೆ ಪಕ್ಕದ ಬೀದಿಯವರು ದೇವಸ್ಥಾನದ ಜೀರ್ಣೋದ್ಧಾರಕ್ಕೆ ಅಂತ ಬಂದಿದ್ದರು. ನಾನು ಒಳಗೆ ಶೇವ್ ಮಾಡಿಕೊಳ್ಳುತ್ತಿದ್ದೆ. "ನನಗೇನೋ ಕೊಡುವ ಆಸೆ, ಆದರೆ ನನ್ನ ಮಗ ಬಿಡುವುದಿಲ್ಲ, ತುಂಬಾ ಬಿಗಿ" ಅಂತ ಅಮ್ಮ ಹೇಳುತ್ತಿದ್ದದ್ದು ಕೇಳಿಸಿತು. ಅವರು ಹೋದ ಮೇಲೆ ನೋಡಿದರೆ ಮೇಜಿನ ಮೇಲೆ 501ರ ರಸೀದಿ. ನನ್ನ ಹೆಸರಿನಲ್ಲಿ ಬರೆಸಿದ್ದಾರೆ.